ಕೂಸು ಉಣ್ಣುವ ತನಕ

ಕೂಸು ಉಣ್ಣುವ ತನಕ ನರೇಗಲ್ಲಿನಲ್ಲಿರಲಿ, ಉಣ್ಣಲು ಹತ್ತಿದ ಮೇಲೆ ಗಜೇಂದ್ರಗಡಕ್ಕೆ ಹೋಗಲಿ. ದುರ್ಗಾಳ ದಿನಕರ್ಮ ಮುಗಿದ ಮೇಲೆ ಎರಡೂ ಕಡೆಯ ಹಿರಿಯರು ಗಾಳೆವ್ವನ ಪಡಸಾಲೆಯಲ್ಲಿ ಕೂತು ಮಾಡಿದ ತೀರ್ಮಾನ ಇಷ್ಟೇ. ಯಾರೂ ಜಗಳಾಡಲಿಲ್ಲ. ಆ ದಿನ ಜಗಳಾಡುವ ತ್ರಾಣ ಯಾರಲ್ಲೂ ಇರಲಿಲ್ಲ.

ದುರ್ಗಾ ಗಾಳೆವ್ವನ ಒಬ್ಬಳೇ ಮಗಳು. ಗಜೇಂದ್ರಗಡದ ನೇಕಾರ ದ್ಯಾಮೇಶನಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿ ಮೂರನೆಯ ವಾರಕ್ಕೆ ಜ್ವರ ಬಂತು. ದವಾಖಾನೆಗೆ ಒಯ್ದರು, ಉಳಿಯಲಿಲ್ಲ. ಮೈಯಲ್ಲಿ ರಕ್ತ ಭಾಳ ಕಡಿಮೆ ಇತ್ತು, ಜ್ವರ ತಡೆದುಕೊಳ್ಳುವ ಶಕ್ತಿ ಇರಲಿಲ್ಲ ಎಂದು ಡಾಕ್ಟರು ಹೇಳಿದರು. ಅದೊಂದೇ ಕಾರಣ ಎಂದು ಅವರು ಹೇಳಲಿಲ್ಲ. ರಕ್ತ ಯಾಕೆ ಕಡಿಮೆಯಾಯಿತು ಎಂದು ಇವರೂ ಕೇಳಲಿಲ್ಲ.

ಕೂಸಿಗೆ ಶ್ರದ್ಧಾ ಎಂದು ಹೆಸರಿಟ್ಟರು. ಡಾಕ್ಟರು ಬರೆದುಕೊಟ್ಟ ಡಬ್ಬಿಯ ಹಾಲಿನ ಪುಡಿಯಲ್ಲಿ ಅದು ಬೆಳೆಯಿತು. ಗಾಳೆವ್ವ ಕೂಲಿಗೆ ಹೋಗುವುದನ್ನು ಬಿಟ್ಟಳು. ಅವಳ ಗಂಡ ಹನಮಪ್ಪ ಸಂತೆಯ ದಿನ ಚೀಲ ಹೊರುತ್ತಿದ್ದ, ಉಳಿದ ದಿನ ಯಾರದಾದರೂ ಹೊಲದಲ್ಲಿರುತ್ತಿದ್ದ. ಮನೆಗೆ ಬಂದವನು ಕೈಕಾಲು ತೊಳೆದು ಮೊದಲು ತೊಟ್ಟಿಲ ಹತ್ತಿರ ಹೋಗುತ್ತಿದ್ದ. ಎತ್ತಿಕೊಳ್ಳುತ್ತಿರಲಿಲ್ಲ. ನಿಂತು ನೋಡುತ್ತಿದ್ದ.

ಕೂಸಿಗೆ ಆರು ತಿಂಗಳು ತುಂಬಿದಾಗ ಅಂಗನವಾಡಿ ಟೀಚರ್ ಮನೆಗೆ ಬಂದು, ಇನ್ನು ಮೇಲೆ ಹಾಲೊಂದೇ ಸಾಲದು, ಮೆತ್ತಗಿನ ಆಹಾರ ಶುರು ಮಾಡಬೇಕು ಎಂದರು. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ, ಜೇನು ಬೇಡ ಎಂದೂ ಹೇಳಿದರು. ಗಾಳೆವ್ವ ತಲೆಯಾಡಿಸಿದಳು. ಟೀಚರ್ ಹೋದ ಮೇಲೆ ಬಾಗಿಲ ಚೌಕಟ್ಟಿಗೆ ಒರಗಿ ತುಸು ಹೊತ್ತು ಕೂತಳು. ಉಣ್ಣುವ ತನಕ ಎಂಬ ಮಾತು ಅವಳ ಕಿವಿಯಲ್ಲಿತ್ತು. ಕೂಸಿಗೆ ಉಣ್ಣುವುದನ್ನು ಕಲಿಸಿದರೆ ಕೂಸನ್ನು ಕಳಿಸಬೇಕು. ಕಲಿಸದಿದ್ದರೆ ಕೂಸು ಬೆಳೆಯುವುದಿಲ್ಲ. ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇರಲಿಲ್ಲ. ಅವಳು ಎದ್ದು ಅಕ್ಕಿ, ಹೆಸರಬೇಳೆ ನೆನೆಹಾಕಿದಳು.

ಅನ್ನ ಹಿಚುಕಿ ಕೊಟ್ಟರೆ ಕೂಸು ನಾಲಿಗೆಯಿಂದ ಹೊರಗೆ ತಳ್ಳುತ್ತಿತ್ತು. ಗಂಜಿಯನ್ನು ಉಗುಳುತ್ತಿತ್ತು. ಕೈಗೆ ಏನಾದರೂ ಸಿಕ್ಕರೆ ಮಾತ್ರ ತಾನಾಗಿ ಬಾಯಿಗೆ ಒಯ್ಯುತ್ತಿತ್ತು. ಹಾಗಾಗಿ ಗಾಳೆವ್ವ ದೋಸೆಯ, ಆ ಕಡೆಯವರ ಬಾಯಲ್ಲಿ ದ್ವಾಸಿಯ, ದಾರಿ ಹಿಡಿದಳು. ಮೊದಲ ದಿನದ ದ್ವಾಸಿಯ ಅಂಚು ಗರಿಯಾಗಿತ್ತು. ಅದು ಅಂಗುಳಕ್ಕೆ ಅಂಟಿ ಕೂಸು ಕೆಮ್ಮಿ ಕೆಂಪಾಯಿತು. ಗಾಳೆವ್ವ ಬೆರಳು ಹಾಕಿ ತೆಗೆದಳು.

ಪಕ್ಕದ ಮನೆಯ ಮುಮತಾಜಬಿ ಗದ್ದಲ ಕೇಳಿ ಬಂದಳು. ಒಲೆಯ ಮೇಲಿನ ಹಂಚು ನೋಡಿ ಹಣೆ ಬಡಿದುಕೊಂಡಳು.

"ಇಷ್ಟ ದೊಡ್ಡ ಹಂಚಿನ ಮ್ಯಾಲ ಕೂಸಿಗೆ ದ್ವಾಸಿ ಹುಯ್ತಾರೇನ ಗಾಳಕ್ಕಾ? ಮದವಿ ಮನಿ ಮಾಡೀದಿ ಏನು? ತಡಿ."

ಅವಳು ತನ್ನ ಮನೆಯಿಂದ ಅಂಗೈಯಗಲದ ಸಣ್ಣ ತವೆ ತಂದಳು, ಅದಕ್ಕೆ ಹೊಂದುವ ಮುಚ್ಚಳ ತಂದಳು. "ಉರಿ ಸಣ್ಣ ಇಡು. ಮುಚ್ಚಿ ಬೇಯಿಸು. ಹೊಳ್ಳಿ ಹಾಕಬ್ಯಾಡ. ಉಗಿ ಒಳಗs ಬೆಂದರ ಹತ್ತಿ ಇದ್ದಂಗ ಆಗತೈತಿ."

ಹಾಗೇ ಆಯಿತು. ನೆನೆದ ಅಕ್ಕಿಬೇಳೆಯನ್ನು ಗಾಳೆವ್ವ ಬೆರಳಿಗೆ ತರಿ ಸಿಗದಷ್ಟು ನುಣ್ಣಗೆ ರುಬ್ಬುತ್ತಿದ್ದಳು. ಚೆನ್ನಾಗಿ ಕಳಿತ ಬಾಳೆಹಣ್ಣು ಹಿಚುಕಿ ಕಲಸುತ್ತಿದ್ದಳು. ತವೆಗೆ ತುಪ್ಪ ಸವರಿ, ಒಂದು ಸೌಟಿಗೂ ಕಡಿಮೆ ಹಿಟ್ಟು ಹುಯ್ದು ಮುಚ್ಚುತ್ತಿದ್ದಳು. ತೆಗೆದರೆ ದ್ವಾಸಿಯ ಮೇಲೆಲ್ಲ ಸಣ್ಣ ಸಣ್ಣ ತೂತು, ಒತ್ತಿದರೆ ಬೆರಳು ಇಳಿಯುವಷ್ಟು ಮೆದು. ಕೂಸಿನ ಹಿಡಿಗೆ ಸಿಗುವಂತೆ ಉದ್ದುದ್ದ ಹರಿದು, ಆರಿಸಿ ಕೊಡುತ್ತಿದ್ದಳು.

ಕೂಸು ತಿಂದಿತು. ಒಂದು ದಿನ ಚೂರು, ಇನ್ನೊಂದು ದಿನ ಅರ್ಧ, ಆಮೇಲೆ ಇಡೀ ದ್ವಾಸಿ. ತಿನ್ನಿಸುವಾಗ ಗಾಳೆವ್ವ ಅದನ್ನು ಎದುರಿಗೆ ಕೂಡಿಸಿಕೊಂಡು ಒಂದು ಚೂರು ತಾನು ಬಾಯಿಗೆ ಹಾಕಿ, ದವಡೆ ಆಡಿಸಿ ತೋರಿಸಿ, ಮುಂದಿನ ಚೂರು ಅದರ ಕೈಗೆ ಕೊಡುತ್ತಿದ್ದಳು. "ನನಗೊಂದು, ನಿನಗೊಂದು" ಎನ್ನುತ್ತಿದ್ದಳು. ಇದು ಬೇಕೆಂದು ಮಾಡಿದ್ದಲ್ಲ. ಬೆಳಗಿನ ಹಸಿವು ಅವಳಿಗೂ ಇರುತ್ತಿತ್ತು.

"ಕೂಸಿನ ಹೆಸರ ಹೇಳಿ ಅರ್ಧಾ ನೀನs ತಿಂತಿ ಬಿಡು," ಎಂದು ಮುಮತಾಜಬಿ ಕಟ್ಟೆಯ ಮೇಲಿಂದ ಕೂಗುತ್ತಿದ್ದಳು. "ಅಂಗನವಾಡ್ಯಾಗ ಕೂಸಿನ ಕೂಡ ನಿನ್ನನ್ನೂ ತೂಗಸಬೇಕು."

"ತೂಗಲಿ ತಗೋ. ಬಾಣಂತನ ಮಾಡಿದಾಕಿ ಸೊರಗಬೇಕೇನು?"

ಎಂಟು ತಿಂಗಳ ಹೊತ್ತಿಗೆ ಕೂಸು ತಾನು ತಿನ್ನುವ ಮೊದಲು ಕೈಯಲ್ಲಿನ ಚೂರನ್ನು ಗಾಳೆವ್ವನ ಬಾಯಿಗೆ ಚಾಚಲು ಕಲಿತಿತ್ತು. ಅವಳು ಕಚ್ಚಿದಂತೆ ಮಾಡಿದರೆ ನಕ್ಕು, ಆಮೇಲೆ ತಾನು ತಿನ್ನುತ್ತಿತ್ತು. ಹನಮಪ್ಪ ಇದನ್ನು ನೋಡಿ ಒಂದೇ ಮಾತು ಹೇಳಿದ.

"ಚಲೋ ಉಣ್ಣಾಕ ಹತ್ತೇತಿ."

ಇಬ್ಬರಿಗೂ ಅದರ ಅರ್ಥ ಗೊತ್ತಿತ್ತು.

ಅಷ್ಟರಲ್ಲಿ ದ್ಯಾಮೇಶನಿಗೆ ಎರಡನೆಯ ಮದುವೆಯಾಗಿತ್ತು. ವರ್ಷದೊಳಗೆ ಮಾಡಿ ಮುಗಿಸಬೇಕೆಂದು ಅವನ ತಾಯಿ ಹುಲಿಗೆವ್ವ ಅವಸರ ಮಾಡಿದ್ದಳು. ಹುಡುಗಿ ನರಗುಂದದ ಕಡೆಯ ಶಿರೋಳದವಳು, ಹೆಸರು ರಾಜೇಶ್ವರಿ. ಹೆಚ್ಚುಕಡಿಮೆ ದುರ್ಗಾಳ ವಯಸ್ಸಿನವಳೇ. ಮದುವೆಗೆ ಗಾಳೆವ್ವ ಹೋಗಿರಲಿಲ್ಲ. ಕೂಸಿಗೆ ರೂಢಿಯಾಗಲಿ, ಅಡುಗೆಯನ್ನೂ ಕಲಿತು ಬರಲಿ ಎಂದು ಹುಲಿಗೆವ್ವ ಸೊಸೆಯನ್ನು ಒಂದು ವಾರದ ಮಟ್ಟಿಗೆ ನರೇಗಲ್ಲಿಗೆ ಕಳಿಸಿದಳು.

ರಾಜೇಶ್ವರಿ ಬಂದವಳೇ ಗಾಳೆವ್ವನ ಕಾಲಿಗೆ ಬಿದ್ದಳು. "ಎವ್ವಾ" ಎಂದು ಕರೆದಳು. ಸತ್ತವಳ ತವರು ಎರಡನೆಯವಳಿಗೂ ತವರು ಎಂಬ ಪದ್ಧತಿ ಆ ಕಡೆ ಇದೆ. ಪದ್ಧತಿಯಂತೆ ಗಾಳೆವ್ವ ಅವಳ ತಲೆ ಮುಟ್ಟಿದಳು. ಕುಪ್ಪಸದ ಬಟ್ಟೆ ಕೊಟ್ಟಳು. ಒಳಗೆ ಹೋಗಿ ಕೊಡಪಾನದಲ್ಲಿ ನೀರಿದೆಯೋ ಇಲ್ಲವೋ ಎಂದು ನೋಡುವ ನೆಪದಲ್ಲಿ ಗೋಡೆಗೆ ಮುಖ ಮಾಡಿ ನಿಂತಳು.

ಮರುದಿನದಿಂದ ಕಲಿಕೆ. ಹಿಟ್ಟಿನ ಹದ, ತುಪ್ಪದ ಅಂದಾಜು, ಮುಚ್ಚಳ ತೆಗೆಯುವ ಹೊತ್ತು, ಎಲ್ಲವನ್ನೂ ಗಾಳೆವ್ವ ತೋರಿಸಿದಳು. ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವ ಆಲೋಚನೆ ಬಂದಿರಲಿಲ್ಲ ಎಂದಲ್ಲ. ಮೊದಲ ದಿನ ಬಾಳೆಹಣ್ಣಿನ ಬಗ್ಗೆ ಹೇಳದೇ ಬಿಡೋಣ ಎಂದು ಅವಳಿಗೆ ಅನ್ನಿಸಿತ್ತು. ಆ ಹುಡುಗಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಶಾಲೆಯ ಹುಡುಗಿಯಂತೆ ತುಟಿ ಆಡಿಸುತ್ತ ಹೇಳಿದ್ದನ್ನು ಬಾಯಿಪಾಠ ಮಾಡುತ್ತಿರುವುದು ಕಂಡು ಹೇಳಿಬಿಟ್ಟಳು.

"ಹಣ್ಣು ಹಸಿರ ಇರಬಾರದು ನೋಡು. ಸಿಪ್ಪಿ ಮ್ಯಾಲ ಕರೇ ಚುಕ್ಕಿ ಬಿದ್ದಿರಬೇಕು. ಇಲ್ಲಂದ್ರ ಕೂಸಿಗೆ ಹೊಟ್ಟಿ ಕಟ್ಟತೈತಿ."

"ಹೂಂನ್ರಿ. ಚುಕ್ಕಿ ಬಿದ್ದದ್ದು."

"ನನಗೇನ್ ರೀ ಅಂತಿ? ಅವ್ವಾ ಅಂದ ಮ್ಯಾಲ ಬೇ ಅನ್ನು."

ರಾಜೇಶ್ವರಿ ನಕ್ಕಳು. ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಮೂರು ಜನ ಒಟ್ಟಿಗೆ ಕೂತೇ ಬೆಳಗಿನ ಊಟ ಮಾಡುತ್ತಿದ್ದರು. ಕೂಲಿಯ ಮನೆಯಲ್ಲಿ ಯಾರು ಮೊದಲು ಕೆಲಸಕ್ಕೆ ಹೋಗಬೇಕೋ ಅವರು ಮೊದಲು ಉಣ್ಣುತ್ತಾರೆ, ಅದರಲ್ಲಿ ಗಂಡು ಹೆಣ್ಣು ಎಂಬುದಿಲ್ಲ. ಹನಮಪ್ಪ ಹೋದ ಮೇಲೆ ಗಾಳೆವ್ವ, ರಾಜೇಶ್ವರಿ, ನಡುವೆ ಕೂಸು. ಕೂಸು ರಾಜೇಶ್ವರಿಯ ತೊಡೆಯ ಮೇಲೆ ಕೂತು, ಅವಳ ಕೈಯಿಂದ ದ್ವಾಸಿ ತಿಂದಿತು. ಗಾಳೆವ್ವ ಎದುರಿಗೆ ಕೂತು ಯಥಾಪ್ರಕಾರ ತನ್ನ ಪಾಲು ತಿನ್ನುತ್ತಿದ್ದಳು. ವಾರ ಮುಗಿದಾಗ ದ್ಯಾಮೇಶ ಬಂದು ಇಬ್ಬರನ್ನೂ ಕರೆದುಕೊಂಡು ಹೋದ. ಸಣ್ಣ ತವೆಯನ್ನೂ ಮುಚ್ಚಳವನ್ನೂ ಮುಮತಾಜಬಿ ತಾನೇ ಚೀಲದಲ್ಲಿ ಹಾಕಿ ಕೊಟ್ಟಳು. "ನಮ್ಮ ಮನ್ಯಾಗ ಇನ್ನ ಸಣ್ಣ ಹುಡುಗ್ರಿಲ್ಲ, ಒಯ್ಯವಾ," ಎಂದಳು.

ಮೋಟರ್ ಸೈಕಲ್ ಸಂದಿ ದಾಟಿದ ಮೇಲೆ ಗಾಳೆವ್ವ ಒಳಗೆ ಬಂದು ತೊಟ್ಟಿಲ ಹಗ್ಗ ಬಿಚ್ಚಿದಳು. ಹನಮಪ್ಪ, "ಇರಲಿ ಬಿಡು," ಎಂದ. ಅವಳು ಮತ್ತೆ ಕಟ್ಟಿದಳು.

ಹದಿನೈದು ದಿನ ಆಗಿರಬಹುದು, ಗಜೇಂದ್ರಗಡದಿಂದ ಫೋನ್ ಬಂತು. ಮಾತನಾಡಿದವಳು ಹುಲಿಗೆವ್ವ.

"ಬೀಗತೇರ, ಏನ್ ಮುಚ್ಚಿಟ್ಟು ಕಲಿಸೀರಿ ನಮ್ಮ ಸೊಸಿಗೆ?"

"ಯಾಕ್ರಿ, ಏನಾತು?"

"ಕೂಸು ಬಾಯಿ ತಗೀವಲ್ತು. ಬಂದಾಗಿಂದ ಬರೇ ಬಾಟ್ಲಿ ಹಾಲಿನ ಮ್ಯಾಲ ಐತಿ. ದ್ವಾಸಿ ಕೊಟ್ರ ಒಗೀತೈತಿ. ಡಾಕ್ಟರಿಗೆ ತೋರಿಸಿದಿವಿ, ರೋಗ ಏನೂ ಇಲ್ಲ ಅಂದ್ರು, ತೂಕ ಇಳದೈತಿ ಅಂದ್ರು. ನಿಮ್ಮ ಮನ್ಯಾಗ ಇದs ಸೊಸಿ ಕೈಲೆ ತಿಂದೈತಿ ಅಂತೀರಿ. ನಮ್ಮ ಮನ್ಯಾಗ ಯಾಕ ತಿನ್ನವಲ್ತು? ಹಿಟ್ಟಿನ್ಯಾಗ ಏನ್ ಹಾಕ್ತಿದ್ರಿ, ಖರೇ ಹೇಳ್ರಿ."

"ಹೇಳಿದ್ದs ಹಾಕ್ತಿದ್ನಿ. ದೇವರಾಣಿ, ಬ್ಯಾರೆ ಏನಿಲ್ಲ."

ಹುಲಿಗೆವ್ವ ನಂಬಲಿಲ್ಲ. ಫೋನ್ ದ್ಯಾಮೇಶನ ಕೈಗೆ ಹೋಯಿತು. ಅವನ ದನಿ ತಗ್ಗಿತ್ತು. "ಅತ್ತೀ, ರವಿವಾರ ನೀವs ಬರ್ರಿ. ನಿಮ್ಮ ಎದರಿಗೆ ಅಕಿ ತಿನ್ನಸ್ಲಿ. ತಿಂದ್ರ ಇರಲಿ. ತಿನ್ನಲಿಲ್ಲಂದ್ರ ಕೂಸಿನ್ನ ಕರಕೊಂಡು ಹೋಗ್ರಿ. ವರ್ಷ ತುಂಬೂತನಾ ನಿಮ್ಮಲ್ಲೇ ಇರಲಿ. ಅವ್ವನೂ ಒಪ್ಪ್ಯಾಳ."

ಗಾಳೆವ್ವ ಫೋನಿಟ್ಟು ಹನಮಪ್ಪನಿಗೆ ವಿಷಯ ಹೇಳಿದಳು. ಹೇಳುವಾಗ ತನ್ನ ದನಿಯಲ್ಲಿ ಕಳವಳಕ್ಕಿಂತ ಬೇರೆ ಏನೋ ಇರುವುದು ಅವಳಿಗೇ ಕೇಳಿಸಿತು. ಕೂಸು ಹಸಿದಿದೆ ಎಂಬ ಸುದ್ದಿ ಕೇಳಿ ಖುಷಿಪಟ್ಟೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಆದರೂ ರವಿವಾರ ಬೆಳಿಗ್ಗೆ ಎದ್ದು ಪೆಟ್ಟಿಗೆಯಿಂದ ಕೌದಿ ತೆಗೆದಳು. ದುರ್ಗಾಳ ಹಳೆ ಸೀರೆಗಳನ್ನು ಕೂಡಿಸಿ ಹೊಲಿದ ಸಣ್ಣ ಕೌದಿ. ಬಸ್ಸಿನಲ್ಲಿ ಗಾಳಿ ಬಡಿಯದಂತೆ ಕೂಸಿಗೆ ಹೊದಿಸಬೇಕಿತ್ತು.

ಬಸ್ಸಿನಲ್ಲಿ ಜನ ಕಡಿಮೆ. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಶೂನ್ಯ ಟಿಕೆಟ್ ಹರಿದುಕೊಟ್ಟ.

"ಕೌದಿ ತಗೊಂಡ್ ಎಲ್ಲಿಗೆ ಬೇ? ನಮ್ಮ ಬಸ್ಸಿನ್ಯಾಗ ಮಲಗಾಕೇನು?"

"ಹೊಳ್ಳಿ ಬರುವಾಗ ಕೂಸು ಇರತೈತಪಾ ನನ್ನ ಕೂಡ. ಮಮ್ಮಗಳು."

"ಹಂಗಾರ ಬರುವಾಗ ಇದs ಸೀಟು ಹಿಡದಿಡ್ತೀನಿ. ಮಮ್ಮಗಳಿಗೂ ಫ್ರೀನs."

ಗಾಳೆವ್ವ ನಕ್ಕಳು. ಕಿಟಕಿಯ ಹೊರಗೆ ಕಡಲೆಯ ಹೊಲಗಳು, ಗುಡ್ಡದ ಮೇಲೆ ನಿಧಾನ ತಿರುಗುವ ಗಾಳಿಯಂತ್ರಗಳು. ಕೂಸಿಗೆ ಅವನ್ನು ತೋರಿಸಬೇಕು ಎಂದುಕೊಂಡಳು.

ಹುಲಿಗೆವ್ವನ ಮನೆಯ ಹೊರಕೋಣೆಯಲ್ಲಿ ಎರಡು ಮಗ್ಗ. ಒಂದರಲ್ಲಿ ದ್ಯಾಮೇಶನ ಅಪ್ಪ, ಇನ್ನೊಂದರಲ್ಲಿ ದ್ಯಾಮೇಶ. ಬೆಳಗಿನ ಚಹಾ ಕುಡಿದು ಮಗ್ಗಕ್ಕೆ ಇಳಿದರೆ ಬಿಸಿಲೇರಿದ ಮೇಲೆ ಎದ್ದು ಉಣ್ಣುತ್ತಾರೆ. ಗಾಳೆವ್ವ ಹೋದಾಗ ಲಾಳಿಯ ಸಪ್ಪಳ ನಡೆದಿತ್ತು. ದ್ಯಾಮೇಶ ಮಗ್ಗದಿಂದ ಎದ್ದು ಬಂದು ಚೀಲ ಇಸಿದುಕೊಂಡ. ಕೂಸು ಒಳಕೋಣೆಯಲ್ಲಿ ಚಾಪೆಯ ಮೇಲಿತ್ತು. ಕುತ್ತಿಗೆ ಸಣ್ಣಗಾಗಿತ್ತು. ಗಾಳೆವ್ವನನ್ನು ಕಂಡು ತುಸು ಹೊತ್ತು ಸುಮ್ಮನೆ ನೋಡಿತು, ಆಮೇಲೆ ಎರಡೂ ಕೈ ಚಾಚಿ ಅತ್ತಿತು. ಅವಳು ಎತ್ತಿಕೊಂಡಳು. ಅದು ಅವಳ ಹೆಗಲಿಗೆ ಮುಖ ಒತ್ತಿ ಸುಮ್ಮನಾಯಿತು.

"ನೋಡಿದ್ರಿಲ್ಲ," ಎಂದಳು ಹುಲಿಗೆವ್ವ. ಅವಳ ಮಾತಿನಲ್ಲಿ ಸಿಟ್ಟಿಗಿಂತ ಸೋಲು ಹೆಚ್ಚಿತ್ತು. "ನಾವು ಹೊರಗಿನವರ ಆದಿವಿ."

ರಾಜೇಶ್ವರಿ ಒಲೆಯ ಮುಂದಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು. "ಎವ್ವಾ, ನೀ ನೋಡು ಬೇ, ಎಲ್ಲಿ ತಪ್ಪೀನಿ ಹೇಳು," ಎಂದಳು. ಗಾಳೆವ್ವ ಕೂಸನ್ನು ಸೊಂಟದ ಮೇಲಿಟ್ಟುಕೊಂಡೇ ನೋಡಿದಳು. ಹಿಟ್ಟಿನಲ್ಲಿ ಬೆರಳು ಅದ್ದಿ ತಿಕ್ಕಿದಳು, ತರಿ ಇರಲಿಲ್ಲ. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಪ್ಪು ಚುಕ್ಕಿಗಳಿದ್ದವು. ಉರಿ ಸಣ್ಣದಿತ್ತು. ಮುಚ್ಚಳ ತೆಗೆದಾಗ ದ್ವಾಸಿ ಉಬ್ಬಿ, ತೂತು ಬಿಟ್ಟು, ತಾನು ಮಾಡಿದ್ದಕ್ಕಿಂತ ಒಂದು ಕೈ ಮೇಲಾಗಿಯೇ ಇತ್ತು.

"ತಪ್ಪೇನೂ ಇಲ್ಲ," ಎಂದಳು.

"ಮತ್ತ?" ಎಂದಳು ಹುಲಿಗೆವ್ವ.

ಮತ್ತೆ ಏನು ಎಂಬುದು ಗಾಳೆವ್ವನಿಗೂ ಗೊತ್ತಿರಲಿಲ್ಲ.

ರಾಜೇಶ್ವರಿ ದ್ವಾಸಿಯನ್ನು ಉದ್ದುದ್ದ ಹರಿದು ತಟ್ಟೆಯಲ್ಲಿ ಆರಿಸಿದಳು. ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡಳು. ಗಾಳೆವ್ವ ಎದುರಿಗೆ ಕೂತರೆ ಪರೀಕ್ಷೆ ಆಗುವುದಿಲ್ಲವೆಂದು ಹುಲಿಗೆವ್ವ ಅವಳನ್ನು ಬಾಗಿಲ ಪಕ್ಕದಲ್ಲಿ ಕೂಡಿಸಿದಳು. ಮಗ್ಗದ ಕೋಣೆಯ ಬಾಗಿಲಲ್ಲಿ ದ್ಯಾಮೇಶ ನಿಂತ. ಅವನ ಅಪ್ಪನ ಮಗ್ಗ ಮಾತ್ರ ಸದ್ದು ಮಾಡುತ್ತಿತ್ತು.

ರಾಜೇಶ್ವರಿ ಒಂದು ಚೂರನ್ನು ಕೂಸಿನ ಕೈಗೆ ಕೊಟ್ಟಳು. ಕೂಸು ಹಿಡಿದುಕೊಂಡಿತು. ಬಾಯಿಗೆ ಒಯ್ಯಲಿಲ್ಲ. ತಲೆ ಎತ್ತಿ ಅವಳ ಬಾಯಿ ನೋಡಿತು. ಆಮೇಲೆ ಆ ಚೂರನ್ನು ನಿಧಾನವಾಗಿ ಅವಳ ತುಟಿಯ ಕಡೆಗೆ ಚಾಚಿತು.

ರಾಜೇಶ್ವರಿ ಮುಖ ಹಿಂದಕ್ಕೆ ಎಳೆದುಕೊಂಡಳು. "ನನಗಲ್ಲವ್ವಾ, ನಿನಗ. ನಾ ಆಮ್ಯಾಲ ತಿಂತೀನಿ. ಮಾವಾರು ಇನ್ನೂ ಉಂಡಿಲ್ಲ," ಎಂದು ಮೆಲ್ಲಗೆ ಹೇಳಿ, ಕೂಸಿನ ಕೈಯನ್ನು ಅದರ ಬಾಯಿಯ ಕಡೆಗೇ ತಿರುಗಿಸಿದಳು.

ಕೂಸು ತುಟಿ ಬಿಗಿಯಿತು. ಮತ್ತೊಮ್ಮೆ ಚಾಚಿತು. ಅವಳು ಮತ್ತೊಮ್ಮೆ ಮುಖ ಹೊರಳಿಸಿದಳು. ಕೂಸು ಚೂರನ್ನು ನೆಲಕ್ಕೆ ಬಿಟ್ಟಿತು.

"ಕಂಡ್ರಿ? ದಿನಾ ಹಿಂಗs ಒಗೀತೈತಿ," ಎಂದಳು ಹುಲಿಗೆವ್ವ.

ಕೂಸು ಒಗೆದಿರಲಿಲ್ಲ. ಅಷ್ಟು ಜನರಲ್ಲಿ ಅದನ್ನು ಕಂಡವಳು ಗಾಳೆವ್ವ ಒಬ್ಬಳೇ. ನನಗೊಂದು, ನಿನಗೊಂದು. ಉಣ್ಣುವುದೆಂದರೆ ಇಬ್ಬರು ಕೂಡಿ ಮಾಡುವ ಕೆಲಸ ಎಂದು ಕೂಸು ಕಲಿತಿತ್ತು. ಎದುರಿನ ಬಾಯಿ ಆಡದಿದ್ದರೆ ಅದರ ಬಾಯಿ ತೆರೆಯುತ್ತಿರಲಿಲ್ಲ. ಈ ಮನೆಯಲ್ಲಿ ಸೊಸೆ ಗಂಡಸರಿಗಿಂತ ಮೊದಲು ಒಂದು ಅಗುಳನ್ನೂ ಬಾಯಿಗೆ ಹಾಕುವಂತಿರಲಿಲ್ಲ. ಕೂಸಿಗೆ ಹಸಿವಾಗುವ ಹೊತ್ತು ಬೆಳಗಿನದು. ಸೊಸೆ ಉಣ್ಣುವ ಹೊತ್ತು ಮಧ್ಯಾಹ್ನದ್ದು.

ಹೇಳದಿದ್ದರೆ ಕೂಸು ಈಗಲೇ ತನ್ನ ಕೂಡ ಬರುತ್ತದೆ. ಹೇಳಿದರೆ ಇಲ್ಲೇ ಉಳಿಯುತ್ತದೆ. ಗಾಳೆವ್ವ ಬಾಯಿ ಬಿಡಲಿಲ್ಲ.

ಇನ್ನೂ ನಾಲ್ಕಾರು ಸಲ ನೋಡಿದರು. ದ್ಯಾಮೇಶ ಚಿಟಿಕೆ ಹೊಡೆದು ಕರೆದ, ಹುಲಿಗೆವ್ವ ಗಿಲಕಿ ಆಡಿಸಿದಳು. ಕೂಸು ಅಳಲು ಶುರುಮಾಡಿತು. ಕೊನೆಗೆ ಹುಲಿಗೆವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಆತು ಬಿಡ್ರಿ ಬೀಗತೇರ. ಕೂಸು ಉಪಾಸ ಸಾಯೂದು ಬ್ಯಾಡ. ಕರಕೊಂಡು ಹೋಗ್ರಿ." ಸೊಸೆಯ ಕಡೆ ತಿರುಗಿ, "ಅರಬಿ ಕಟ್ಟು. ಒಂದು ಕೂಸಿನ ಬಾಯಿ ತಗಸಾಕ ಬರಲಿಲ್ಲ ನಿನಗ," ಎಂದಳು.

ರಾಜೇಶ್ವರಿ ಕೂಸನ್ನು ಗಾಳೆವ್ವನ ತೊಡೆಗೆ ಹಾಕಿ ಗೂಟದ ಮೇಲಿನ ಸಣ್ಣ ಅಂಗಿಗಳನ್ನು ಒಂದೊಂದಾಗಿ ಇಳಿಸಿ ಮಡಚಿದಳು. ತಲೆಗೆ ಕಟ್ಟುವ ಕುಲಾಯಿ, ಬಾಟ್ಲಿ, ಹಾಲಿನ ಪುಡಿಯ ಡಬ್ಬಿ. ಸಣ್ಣ ತವೆಯನ್ನು ತೊಳೆದು ಒರೆಸಿ ಚೀಲದಲ್ಲಿಟ್ಟಳು. ಉಳಿದ ದ್ವಾಸಿಗಳನ್ನು ಒಂದು ಬಿಳಿ ಅರಿವೆಯಲ್ಲಿ ಸುತ್ತಿದಳು. "ಬಸ್ಸಿನ್ಯಾಗ ನಿನ್ನ ಕೈಲೆ ತಿಂದೀತು, ಎವ್ವಾ," ಎಂದಳು. ಎದ್ದು ನಿಲ್ಲುವಾಗ ಅವಳಿಗೆ ತಲೆ ತಿರುಗಿತು. ಗೋಡೆ ಹಿಡಿದು, ಕಣ್ಣು ಮುಚ್ಚಿ, ತುಸು ತಡೆದು ನಡೆದಳು.

ಗಾಳೆವ್ವ ಅದನ್ನು ನೋಡಿದಳು. ಅದೇ ಗೋಡೆ, ಅದೇ ರೀತಿ. ಐದು ತಿಂಗಳ ಬಸುರಿ ದುರ್ಗಾಳನ್ನು ತಾನು ನೋಡಲು ಬಂದ ದಿನ ಅವಳೂ ಹೀಗೇ ಗೋಡೆ ಹಿಡಿದಿದ್ದಳು. "ಉಂಡೀ ಇಲ್ಲ?" ಎಂದು ಕೇಳಿದ್ದಕ್ಕೆ, "ಗಂಡಸ್ರದು ಆಗಬೇಕು ಬೇ, ಆಮ್ಯಾಲ ಉಂಡ್ರಾತು," ಎಂದಿದ್ದಳು. ಕೊನೆಗೆ ಉಂಡಾಗ ತಟ್ಟೆಯಲ್ಲಿ ಒಂದು ರೊಟ್ಟಿ ಇತ್ತು, ಪಲ್ಯ ಮುಗಿದಿತ್ತು. ಅಲ್ಲೇ ಕೂತಿದ್ದ ಗಾಳೆವ್ವ ಬೀಗರ ಮನೆಯ ರೀತಿಯೆಂದು ಏನೂ ಅನ್ನಲಿಲ್ಲ. ಆ ಮೇಲೆ ಡಾಕ್ಟರು ರಕ್ತದ ಮಾತು ಹೇಳಿದಾಗಲೂ ಅನ್ನಲಿಲ್ಲ.

ಹೊರಗೆ ದ್ಯಾಮೇಶ ಮೋಟರ್ ಸೈಕಲ್ ಒರೆಸುತ್ತಿದ್ದ. ಬಸ್ ನಿಲ್ದಾಣಕ್ಕೆ ಬಿಟ್ಟು ಬರಬೇಕಿತ್ತು. ಗಾಳೆವ್ವ ಕೌದಿ ಬಿಚ್ಚಿ ಕೂಸಿಗೆ ಹೊದಿಸಿದಳು. ಹೊಸ್ತಿಲ ತನಕ ಹೋದಳು. ಅಲ್ಲಿ ನಿಂತಳು.

"ರಾಜೇಶ್ವರೀ, ಇಲ್ಲೆ ಬಾ. ಕುಂಡ್ರು."

ರಾಜೇಶ್ವರಿ ಬಂದು ಕೂತಳು. ಗಾಳೆವ್ವ ಕೂಸನ್ನು ಅವಳ ತೊಡೆಗೆ ಹಾಕಿ, ಬಿಳಿ ಅರಿವೆ ಬಿಚ್ಚಿ, ಒಂದು ದ್ವಾಸಿ ತೆಗೆದು ಅವಳ ಕೈಗಿಟ್ಟಳು.

"ಮೊದಲ ನೀ ತಿನ್ನು."

"ಎವ್ವಾ, ಇನ್ನೂ ಮಾವಾರು…"

"ನೀ ತಿನ್ನು. ಕೂಸಿನ್ನ ನೋಡಕೋತ ತಿನ್ನು."

"ಏನಿದು ಬೀಗತೇರ?" ಹುಲಿಗೆವ್ವ ಹತ್ತಿರ ಬಂದಳು. "ಗಂಡಸ್ರು ಮಗ್ಗದಾಗ ಹಸದು ಕುಂತಾರ. ನಮ್ಮ ಮನ್ಯಾಗ ಹಂಗ ರೂಢಿಲ್ಲ."

"ಗೊತ್ತೈತ್ರಿ. ನನ್ನ ಮಗಳೂ ಈ ಮನ್ಯಾಗ ಕಡೀಕs ಉಂಡ್ಲು. ನಾ ಕಂಡ್ನಿ. ಕಂಡೂ ನಾ ಒಂದು ಮಾತು ಆಡಲಿಲ್ಲ, ನೀವೂ ಆಡಲಿಲ್ಲ." ಅವಳ ದನಿ ಏರಲಿಲ್ಲ. "ಕೂಸು ನಮ್ಮನ್ಯಾಗ ನನ್ನ ಬಾಯಿ ನೋಡಿ ತಿಂತಿತ್ತು. ನಾ ತಿಂದ್ರs ತಾ ತಿಂತಿತ್ತು. ಇಲ್ಲೆ ಅದರ ಮುಂದ ಯಾರೂ ತಿನ್ನವಲ್ರು. ಮುಚ್ಚಿಟ್ಟದ್ದು ಅಂದ್ರ ಇಷ್ಟs. ನನಗೂ ಈಗs ತಿಳೀತು."

ಮಗ್ಗದ ಸಪ್ಪಳ ನಿಂತಿತ್ತು. ಅದು ಯಾವಾಗ ನಿಂತಿತೆಂದು ಯಾರಿಗೂ ಗೊತ್ತಾಗಲಿಲ್ಲ. ಒಳಗಿನಿಂದ ದ್ಯಾಮೇಶನ ಅಪ್ಪನ ದನಿ ಬಂತು.

"ತಿನ್ನಲಿ ಬಿಡs. ಅಕಿ ತಿಂದ್ರ ನಮ್ಮ ಪಾಲೇನು ಹೊಕ್ಕೈತೇನು?"

ಹುಲಿಗೆವ್ವ ಸೊಸೆಯ ಕಡೆ ನೋಡಲಿಲ್ಲ. ನೀರಿನ ತಂಬಿಗೆ ತಂದು ಅವಳ ಪಕ್ಕದಲ್ಲಿಟ್ಟಳು, ಅಷ್ಟೇ.

ರಾಜೇಶ್ವರಿ ದ್ವಾಸಿಯ ತುದಿ ಹರಿದು ಬಾಯಿಗೆ ಹಾಕಿದಳು. ಎಲ್ಲರೂ ನೋಡುತ್ತಿದ್ದುದರಿಂದ ಅವಳಿಗೆ ಅಗಿಯಲು ಬರಲಿಲ್ಲ. ನುಂಗಿದಳು. ಇನ್ನೊಂದು ಚೂರು ಹಾಕಿಕೊಂಡಳು. ಆಗ ಅವಳ ಹಸಿವು ಅವಳನ್ನು ಮೀರಿತು, ದವಡೆ ಆಡಿತು. ಕೂಸು ತಲೆ ಎತ್ತಿ ನೋಡಿತು. ತುಂಬ ಹೊತ್ತು ನೋಡಿತು. ಅವಳ ಕೈಯಲ್ಲಿನ ದ್ವಾಸಿಯಿಂದ ಒಂದು ಚೂರು ಹಿಡಿದು ಅವಳ ಬಾಯಿಗೆ ಚಾಚಿತು. ಅವಳು ಕಚ್ಚಿದಳು. ಕೂಸು ನಕ್ಕಿತು. ಉಳಿದ ಚೂರನ್ನು ತನ್ನ ಬಾಯಿಗೆ ತುರುಕಿಕೊಂಡಿತು.

ಇಡೀ ದ್ವಾಸಿ ಮುಗಿಯಿತು. ಇನ್ನೊಂದರಲ್ಲಿ ಅರ್ಧ ಹೋಯಿತು. ರಾಜೇಶ್ವರಿಯ ಕಣ್ಣೀರು ಕೂಸಿನ ನೆತ್ತಿಯ ಮೇಲೆ ಬೀಳುತ್ತಿತ್ತು. ಅದು ಲಕ್ಷ್ಯ ಕೊಡದೆ ತಿನ್ನುತ್ತಿತ್ತು. ತಿನ್ನುತ್ತ ತಿನ್ನುತ್ತ ಕೌದಿ ಜಾರಿ ನೆಲಕ್ಕೆ ಬಿತ್ತು. ಗಾಳೆವ್ವ ಅದನ್ನು ಎತ್ತಿ ಮಡಚಿದಳು. ಕೂಸು ಒಮ್ಮೆಯೂ ಅವಳ ಕಡೆ ತಿರುಗಲಿಲ್ಲ. ಅವಳು ಅದಕ್ಕೆ ಕಾಯುತ್ತಿದ್ದಳು, ತಿರುಗದಿದ್ದರೇ ಒಳ್ಳೆಯದೆಂದೂ ತಿಳಿದಿದ್ದಳು.

"ಉಂಡು ಹೋಗ್ರಿ," ಎಂದಳು ಹುಲಿಗೆವ್ವ. ಆ ಮೇಲೆ ಕೆಳದನಿಯಲ್ಲಿ, "ನನ್ನ ಅತ್ತಿ ಕಾಲದಾಗ ನಾನೂ ಹಂಗs ಉಂಡಾಕಿ. ಎಲ್ಲಾರದೂ ಹಂಗs ಇರತೈತಿ ಅನಕೊಂಡಿದ್ನಿ," ಎಂದಳು.

ಗಾಳೆವ್ವ ಬಸ್ಸಿಗೆ ಹೊತ್ತಾಯಿತು ಎಂದಳು. ಚೀಲದಿಂದ ತವೆ, ಅಂಗಿ, ಕುಲಾಯಿ, ಬಾಟ್ಲಿ, ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಚಾಪೆಯ ಮೇಲೆ ಇಟ್ಟಳು. ಕೌದಿಯನ್ನು ಇಡಲೋ ಒಯ್ಯಲೋ ಎಂದು ತುಸು ತಡೆದಳು. ಅದನ್ನೂ ಇಟ್ಟಳು. ರಾಜೇಶ್ವರಿ ಕೂಸನ್ನು ಎತ್ತಿಕೊಂಡೇ ಹೊಸ್ತಿಲ ತನಕ ಬಂದು, ಉಳಿದ ದ್ವಾಸಿಗಳ ಗಂಟನ್ನು ಅವಳ ಖಾಲಿ ಚೀಲದಲ್ಲಿ ಹಾಕಿದಳು.

"ಮುಂಜಾನಿಂದ ನೀನೂ ಏನೂ ತಿಂದಿಲ್ಲ ಬೇ."

ಮರಳುವ ಬಸ್ಸು ಅದೇ, ಕಂಡಕ್ಟರನೂ ಅವನೇ. ಟಿಕೆಟ್ ಕೊಡುತ್ತ ಬಂದವನು ಅವಳನ್ನು ನೋಡಿ ನಿಂತ.

"ಕೂಸೆಲ್ಲಿ ಬೇ? ಕೌದೀನೂ ಕಾಣವಲ್ತು."

"ಅಲ್ಲೇ ಐತಪಾ. ಉಣ್ಣಾಕ ಹತ್ತೇತಿ."

"ಚಲೋ ಆತು ಬಿಡು. ಕೂಸು ಉಂಡ್ರ ಮತ್ತೇನು ಬೇಕು," ಎಂದು ಅವನು ಶೂನ್ಯ ಟಿಕೆಟ್ ಹರಿದುಕೊಟ್ಟು ಮುಂದಿನ ಸೀಟಿಗೆ ಹೋದ.

ಗಾಳಿಯಂತ್ರಗಳು ಈಗ ಇನ್ನೊಂದು ಬದಿಯ ಕಿಟಕಿಯಲ್ಲಿದ್ದವು. ಗಾಳೆವ್ವ ಚೀಲದೊಳಗೆ ಕೈ ಹಾಕಿ ಅರಿವೆಯ ಗಂಟನ್ನು ಒತ್ತಿ ನೋಡಿದಳು. ದ್ವಾಸಿಗಳು ಆರಿದ್ದವು, ಆದರೆ ಇನ್ನೂ ಮೆತ್ತಗಿದ್ದವು. ಹಸಿವಾಗಿತ್ತು. ಎದುರಿಗೆ ಕೂತು ತಿನ್ನುವವರು ಇರಲಿಲ್ಲ, ನರೇಗಲ್ ಬರುವ ತನಕ ಅವಳು ಗಂಟು ಬಿಚ್ಚಲಿಲ್ಲ.